ಒಡೆಯನ ಪದ ಊರಿನದಾದ ಬಗೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪವಿದೆ. ಅದು ಬ್ರಿಟನ್ನಿನ ಆಳ್ವಿಕೆಗೆ ಸೇರಿದ ನೆಲ. ಆದರೆ ದ್ವೀಪದ ಎತ್ತರದ ಬಯಲಿನಲ್ಲಿರುವ ಲಾಂಗ್‌ವುಡ್ ಎಂಬ ಮನೆಯ ಅಂಗಳದಲ್ಲಿ ಹಾರುವುದು ಫ್ರಾನ್ಸಿನ ಮೂರು ಬಣ್ಣದ ಬಾವುಟ. ಸೆರೆಯಾಳಾಗಿದ್ದ ನೆಪೋಲಿಯನ್ 1821ರ ಮೇ 5ರಂದು ಕೊನೆಯುಸಿರೆಳೆದದ್ದು ಆ ಮನೆಯಲ್ಲಿ. ಅವನನ್ನು ಮೊದಲು ಹೂಳಿದ ಕಣಿವೆಯನ್ನೂ ಆ ಮನೆಯನ್ನೂ 1858ರಲ್ಲಿ ಮೂರನೆಯ ನೆಪೋಲಿಯನ್ ಫ್ರಾನ್ಸ್ ದೇಶದ ಹೆಸರಿಗೆ ಕೊಂಡುಕೊಂಡ. ಕೊಂಡದ್ದು ಮನೆ ಮತ್ತು ಜಮೀನು ಮಾತ್ರ, ಆಳುವ ಹಕ್ಕು ಬ್ರಿಟನ್ನಿನ ಕೈಯಲ್ಲೇ ಉಳಿಯಿತು. ನೆಪೋಲಿಯನ್ ದ್ವೀಪಕ್ಕೆ ಬಂದ ಹೊಸದರಲ್ಲಿ ತಂಗಿದ್ದ ಬ್ರಯರ್ಸ್ ಎಂಬ ಸಣ್ಣ ಮಂಟಪವೂ 1959ರಲ್ಲಿ ಕೊಡುಗೆಯಾಗಿ ಫ್ರಾನ್ಸಿಗೆ ಬಂತು. ಈ ಮೂರನ್ನೂ ಸೇರಿಸಿ ಫ್ರೆಂಚರು ‘ಸೇಂಟ್ ಹೆಲೆನಾದ ಫ್ರೆಂಚ್ ದೊಮೇನ್‌ಗಳು’ ಎನ್ನುತ್ತಾರೆ.

ಜೆರುಸಲೇಮ್ ಮತ್ತು ಅದರ ಆಸುಪಾಸಿನಲ್ಲೂ ಇಂಥದೇ ನಾಲ್ಕು ತಾಣಗಳಿವೆ. ಅವುಗಳಲ್ಲಿ ಒಂದಾದ ಸಂತ ಆನಾಳ ಇಗರ್ಜಿಯನ್ನು 1856ರಲ್ಲಿ ಆಟೊಮನ್ ಸುಲ್ತಾನ ಅಬ್ದುಲ್ ಮಜೀದ್ ಕ್ರಿಮಿಯಾ ಯುದ್ಧದ ನೆರವಿಗೆ ಕೃತಜ್ಞತೆಯಾಗಿ ಫ್ರಾನ್ಸಿಗೆ ಕೊಟ್ಟ. 2020ರ ಜನವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ ಅದೇ ಇಗರ್ಜಿಯ ಬಾಗಿಲಲ್ಲಿ ನಿಂತು, ಒಳಗೆ ಬರಬೇಡಿ ಎಂದು ಇಸ್ರೇಲಿ ಪೊಲೀಸರ ಮೇಲೆ ದನಿ ಏರಿಸಿದ್ದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಅದು ಫ್ರಾನ್ಸಿನ ದೊಮೇನ್. ಹಾಗೆಂದ ಮಾತ್ರಕ್ಕೆ ಫ್ರಾನ್ಸ್ ದೇಶವೇ? ಇಲ್ಲ. ಮಾಲೀಕನ ಮನೆ ಒಂದು ಕಡೆ, ರಾಜ್ಯದ ಗಡಿ ಇನ್ನೊಂದು ಕಡೆ. ಇವೆರಡರ ನಡುವಿನ ಸಂದಿಯಲ್ಲಿ ‘ದೊಮೇನ್’ ಎಂಬ ಈ ಪದ ವಾಸವಾಗಿದೆ.

ನಮ್ಮ ದೇಶಕ್ಕೂ ಇಂಥ ಸಂದಿಯ ನೆನಪಿದೆ. ಪುದುಚೇರಿ, ಮಾಹೆಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಸೂರತ್, ಮಚಲಿಪಟ್ಟಣ, ಕಲ್ಲಿಕೋಟೆ, ಬಾಲಾಸೋರ್‌ಗಳಲ್ಲಿ ಫ್ರೆಂಚರಿಗೆ ‘ಲೋಜ್’ ಎಂಬ ತುಂಡು ನಿವೇಶನಗಳಿದ್ದವು. ಹಳೆಯ ವ್ಯಾಪಾರದ ಕೋಠಿಗಳಿದ್ದ ಜಾಗಗಳು. ಸುತ್ತಲೂ ಬ್ರಿಟಿಷ್ ಭಾರತ, ನಡುವೆ ಫ್ರೆಂಚರ ಹಕ್ಕಿನ ಒಂದಿಷ್ಟು ಮಣ್ಣು. 1947ರ ಅಕ್ಟೋಬರ್ 6ರಂದು ಫ್ರಾನ್ಸ್ ಅವನ್ನು ಸ್ವತಂತ್ರ ಭಾರತಕ್ಕೆ ಬಿಟ್ಟುಕೊಟ್ಟಿತು.

‘ದೊಮೇನ್’ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಲು ಹೊರಟರೆ ಸೋಲುತ್ತೇವೆ. ಬರ್ಗಂಡಿಯ ವೈನ್ ಬಾಟಲಿಯ ಮೇಲೆ ಅದು ದ್ರಾಕ್ಷಿ ತೋಟ. ಕಡಲ ದಂಡೆಯಲ್ಲಿ ಅದು ಯಾರೂ ಬೇಲಿ ಹಾಕಬಾರದ ಮರಳು. ಆಲ್ಪ್ಸ್ ಬೆಟ್ಟದಲ್ಲಿ ಸ್ಕೀಯಿಂಗಿನ ಇಳಿಜಾರುಗಳ ಒಟ್ಟು ಹರವು. ಪುಸ್ತಕದಂಗಡಿಯಲ್ಲಿ ಹಕ್ಕುಸ್ವಾಮ್ಯ ಮುಗಿದ ಕಾದಂಬರಿ. ‘ಅದು ನನ್ನ ದೊಮೇನ್ ಅಲ್ಲ’ ಎಂದು ಫ್ರೆಂಚ್ ಪ್ರೊಫೆಸರ್ ಕೈಚೆಲ್ಲಿದರೆ ಆತ ಹೇಳುತ್ತಿರುವುದು ನಾವು ‘ಅದು ನನ್ನ ಕ್ಷೇತ್ರವಲ್ಲ’ ಎನ್ನುವುದನ್ನೇ. ಹೊಲವೆಂಬ ಅರ್ಥದ ‘ಕ್ಷೇತ್ರ’ ನಮ್ಮಲ್ಲೂ ಪುಣ್ಯಸ್ಥಳವಾಗಿ, ಚುನಾವಣೆಯ ಮತಕ್ಷೇತ್ರವಾಗಿ, ಪಾಂಡಿತ್ಯದ ಎಲ್ಲೆಯಾಗಿ ಬೆಳೆದಿದೆಯಲ್ಲ. ಮಣ್ಣನ್ನು ಅಳೆಯಲು ಹುಟ್ಟಿದ ಪದಗಳು ಮನುಷ್ಯನ ತಲೆಯೊಳಗಿನ ಗಡಿಗಳನ್ನೂ ಅಳೆಯತೊಡಗುವುದು ಎಲ್ಲ ಭಾಷೆಗಳ ಪಾಡು.

ಈ ಪದದ ಬೇರು ಇನ್ನೂ ಹತ್ತಿರಕ್ಕೆ ಬರುತ್ತದೆ. ಲ್ಯಾಟಿನ್ನಿನಲ್ಲಿ ‘ದೋಮುಸ್’ ಎಂದರೆ ಮನೆ, ‘ದೊಮಿನುಸ್’ ಎಂದರೆ ಮನೆಯೊಡೆಯ, ಅವನ ಒಡೆತನ ‘ದೊಮಿನಿಯುಮ್’. ಒಡೆಯನಿಗೆ ಸೇರಿದ್ದು ಎಂಬ ಅರ್ಥದ ರೂಪ ಹಳೆಯ ಫ್ರೆಂಚಿನಲ್ಲಿ ‘ದೆಮೇನ್’ ಆಗಿ, ಮುಂದೆ ‘ದೊಮೇನ್’ ಆಯಿತು. ‘ದೋಮುಸ್’ ಮತ್ತು ಸಂಸ್ಕೃತದ ‘ದಮ’ ಒಂದೇ ಬೇರಿನವು. ದಮವೆಂದರೆ ಮನೆ, ಅದರ ಪತಿ ‘ದಂಪತಿ’. ಋಗ್ವೇದದ ಕಾಲದಲ್ಲಿ ಮನೆಯೊಡೆಯನೆಂಬ ಅರ್ಥ ಕೊಡುತ್ತಿದ್ದ ಆ ಪದ ಮುಂದೆ ಗಂಡಹೆಂಡಿರನ್ನು ಒಟ್ಟಾಗಿ ಸೂಚಿಸತೊಡಗಿತು. ಅದೇ ಜೋಡುಪದ ಗ್ರೀಕಿನಲ್ಲಿ ‘ದೆಸ್ಪೊತೇಸ್’ ಆಯಿತು. ಇಂಗ್ಲಿಷಿನ ಡೆಸ್ಪಾಟ್, ಅಂದರೆ ಸರ್ವಾಧಿಕಾರಿ, ಅದರ ಸಂತಾನ. ನಮ್ಮ ಲಗ್ನಪತ್ರಿಕೆಯ ದಂಪತಿ, ಗ್ರೀಕರ ದಬ್ಬಾಳಿಕೆಯ ದೊರೆ, ಫ್ರೆಂಚರ ದ್ರಾಕ್ಷಿ ತೋಟ ಮೂವರೂ ಒಂದೇ ಹೊಸ್ತಿಲು ದಾಟಿ ಹೊರಟವರು.

ಫ್ರೆಂಚ್ ಮನೆತನದ ದಾಯಾದಿಗಳಂತೂ ದಂಡಿಯಾಗಿದ್ದಾರೆ. ಮನೆಯೊಡತಿಯಿಂದ ಬಂದದ್ದು ‘ದಾಮ್’, ಅದರಿಂದ ‘ಮದಾಮ್’. ಪ್ರಭುವಿನ ದಿನ ‘ದಿಮಾಂಶ್’, ಅಂದರೆ ಭಾನುವಾರ. ಕೋಟೆಯೊಳಗೆ ಒಡೆಯ ಇರುತ್ತಿದ್ದ ದೊಡ್ಡ ಗೋಪುರ ‘ದೊಂಜೋಂ’. ಇಂಗ್ಲಿಷಿಗೆ ಹೋದಾಗ ಅದು ನೆಲದಡಿಯ ಕತ್ತಲೆಕೋಣೆಯಾಯಿತು. ನನ್ನನ್ನು ಬಹಳ ಕಾಡುವ ಪದ ‘ದಾಂಜೆ’. ಇಂಗ್ಲಿಷಿನ ಡೇಂಜರ್ ಅದರಿಂದಲೇ ಬಂತು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಅಪಾಯವೆಂಬ ಅರ್ಥ ಇರಲಿಲ್ಲ. ಒಡೆಯನ ಅಧಿಕಾರ ಎಂದಷ್ಟೇ ಇತ್ತು. ಒಬ್ಬನ ದಾಂಜೆಯಲ್ಲಿರುವುದೆಂದರೆ ಅವನ ಕೈಕೆಳಗೆ, ಅವನ ಮರ್ಜಿಯಲ್ಲಿ ಬದುಕುವುದು. ಆ ಬದುಕು ಎಂಥದ್ದೆಂದು ಯಾವ ಊಳಿಗದವನೂ ಬರೆದಿಡಬೇಕಾಗಲಿಲ್ಲ. ಪದದ ಅರ್ಥ ತಾನಾಗಿ ‘ಅಪಾಯ’ದ ಕಡೆ ಹೊರಳಿತು.

ಮಧ್ಯಯುಗದ ಫ್ರಾನ್ಸಿನಲ್ಲಿ ಒಂದೇ ಹೊಲಕ್ಕೆ ಇಬ್ಬರು ಒಡೆಯರು. ಮೇಲಿನ ಒಡೆತನ ಜಮೀನ್ದಾರ ಧಣಿಯದು, ಉತ್ತು ಬಿತ್ತುವ ಒಡೆತನ ರೈತನದು. ಎರಡಕ್ಕೂ ದೊಮೇನ್ ಎಂದೇ ಹೆಸರು, ಗುಣವಾಚಕ ಮಾತ್ರ ಬೇರೆ. ಮೂಲಗೇಣಿಯ ಕಾಲ ಕಂಡ ಕರಾವಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನಿ ಪ್ರಾಂತದಲ್ಲಿ ಇದಕ್ಕಿಂತ ವಿಚಿತ್ರವಾದ ಗೇಣಿ ಇತ್ತು: ನೆಲ ಧಣಿಯದು, ಅದರ ಮೇಲಿನ ಮನೆ, ಬದು, ಹಣ್ಣಿನ ಮರ ಒಕ್ಕಲಿನವನದು. ಮೋಪಿನ ದೊಡ್ಡ ಮರಗಳು ಮಾತ್ರ ಮತ್ತೆ ಧಣಿಯವು. ಒಕ್ಕಲೆಬ್ಬಿಸಬೇಕಾದರೆ ಧಣಿ ಮನೆ, ಬದುಗಳಿಗೆಲ್ಲ ಬೆಲೆ ಕಟ್ಟಿ ಕೊಟ್ಟೇ ಕಳುಹಿಸಬೇಕು.

ಇನ್ನು ರಾಜರ ಕತೆ. 987ರಲ್ಲಿ ಪಟ್ಟಕ್ಕೆ ಬಂದ ಊಗ್ ಕಾಪೆ ಹೆಸರಿಗೆ ಇಡೀ ಫ್ರಾನ್ಸಿನ ದೊರೆ. ಅವನ ಸ್ವಂತ ದೊಮೇನ್ ಮಾತ್ರ ಪ್ಯಾರಿಸ್ಸಿನಿಂದ ಓರ್ಲೆಯಾಂವರೆಗಿನ ಹಲವು ತುಂಡು ನೆಲ. ಅಲ್ಲಿಯ ದವಸ, ಸುಂಕ, ಕಾಡಿನ ಹುಟ್ಟುವಳಿಯಿಂದಲೇ ಅರಮನೆಯ ಒಲೆ ಉರಿಯಬೇಕು. ಮುಂದಿನ ದೊರೆಗಳು ಮದುವೆಯಿಂದ, ಯುದ್ಧದಿಂದ, ವಾರಸುದಾರರಿಲ್ಲದ ಮನೆತನಗಳಿಂದ ತುಂಡಿಗೆ ತುಂಡು ಸೇರಿಸುತ್ತ ಹೋದರು. 1204ರಲ್ಲಿ ಫಿಲಿಪ್ ಆಗಸ್ಟಸ್ ನಾರ್ಮಂಡಿಯನ್ನು ಇಂಗ್ಲೆಂಡಿನ ದೊರೆಯಿಂದ ಕಸಿದುಕೊಂಡ. ಅಂದರೆ ಇಂದು ನಾವು ಭೂಪಟದಲ್ಲಿ ಕಾಣುವ ಫ್ರಾನ್ಸ್ ಒಂದು ಮನೆತನದ ಜಮೀನು ಬೆಳೆದು ಬೆಳೆದು ಆದ ದೇಶ.

ಆದರೆ ದೊರೆಗಳ ಕೈ ದೊಡ್ಡದು. ಗೆದ್ದದ್ದನ್ನು ಸಾಲ ಕೊಟ್ಟವರಿಗೆ, ನೆಚ್ಚಿನವರಿಗೆ, ತಮ್ಮಂದಿರಿಗೆ ಹಂಚಿಬಿಡುತ್ತಿದ್ದರು. 1566ರ ಫೆಬ್ರವರಿಯಲ್ಲಿ ಒಂಬತ್ತನೆಯ ಚಾರ್ಲ್ಸನ ಚಾನ್ಸಲರ್ ಮಿಶೆಲ್ ದ ಲೋಪಿತಾಲ್ ಮುಲ್ಯಾಂ ಪಟ್ಟಣದಲ್ಲಿ ಹೊರಡಿಸಿದ ಶಾಸನ ಈ ಬಾಗಿಲು ಮುಚ್ಚಿತು. ದೊಮೇನನ್ನು ಪರಭಾರೆ ಮಾಡುವಂತಿಲ್ಲ. ಎರಡೇ ವಿನಾಯಿತಿ: ಕಿರಿಯ ರಾಜಕುಮಾರರ ಜೀವನಾಂಶಕ್ಕೆ ಕೊಡಬಹುದು, ಗಂಡುಸಂತತಿ ಇಲ್ಲದಾದರೆ ಅದು ಮರಳಬೇಕು. ಯುದ್ಧದ ಖರ್ಚಿಗೆ ಅಡವಿಡಬಹುದು, ಎಷ್ಟೇ ವರ್ಷ ಕಳೆದರೂ ಬಿಡಿಸಿಕೊಳ್ಳುವ ಹಕ್ಕು ಉಳಿಯಬೇಕು.

ಆ ಕಾಲದ ನ್ಯಾಯವಿದರು ಇದಕ್ಕೆ ಕೊಟ್ಟ ಹೋಲಿಕೆ ಬಹಳ ಚೆನ್ನಾಗಿದೆ. ದೊರೆ ರಾಜ್ಯವನ್ನು ಮದುವೆಯಾಗುತ್ತಾನೆ. ದೊಮೇನ್ ಆ ವಧು ತವರಿನಿಂದ ತಂದ ಬಳುವಳಿ. ರೋಮನ್ ಕಾನೂನಿನಲ್ಲಿ ಹೆಂಡತಿಯ ಬಳುವಳಿಯ ಜಮೀನಿನ ಫಲವನ್ನು ಗಂಡ ಉಣ್ಣಬಹುದು, ಜಮೀನನ್ನು ಮಾರುವಂತಿಲ್ಲ. ಹೊರಟ ಜಾಗಕ್ಕೆ, ದಂಪತಿಯ ಹೊಸ್ತಿಲಿಗೆ, ಪದ ತಿರುಗಿ ಬಂದಂತಾಯಿತು. ಆದರೆ ಬರುವಷ್ಟರಲ್ಲಿ ಅದರೊಳಗೆ ಏನೋ ಒಂದು ಮಗುಚಿಕೊಂಡಿತ್ತು. ‘ಇದು ನನ್ನದು, ಏನು ಬೇಕಾದರೂ ಮಾಡುತ್ತೇನೆ’ ಎನ್ನುತ್ತಿದ್ದ ಪದ ಈಗ ‘ಇದು ನನ್ನ ಕೈಯಲ್ಲಿದೆ, ಅದಕ್ಕೇ ಮಾರಲಾರೆ’ ಎನ್ನತೊಡಗಿತ್ತು. ಈ ಪದದ ಸಾವಿರ ವರ್ಷದ ಬಾಳಿನಲ್ಲಿ ನನಗೆ ದೊಡ್ಡದೆನಿಸುವ ತಿರುವು ಇದೇ.

ಈ ತಿರುವಿನ ಬೆಲೆ ಏನೆಂದು ತಿಳಿಯಲು ಕಡಲ ದಂಡೆಗೆ ಹೋಗಬೇಕು. 1681ರ ಆಗಸ್ಟಿನಲ್ಲಿ ಹದಿನಾಲ್ಕನೆಯ ಲೂಯಿಯ ಹೆಸರಿನಲ್ಲಿ, ಮಂತ್ರಿ ಕೋಲ್ಬೇರನ ಮುತುವರ್ಜಿಯಿಂದ, ಹಡಗು ಮತ್ತು ಕಡಲಿಗೆ ಸಂಬಂಧಿಸಿದ ಶಾಸನವೊಂದು ಹೊರಟಿತು. ದಂಡೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಅದು ಸರ್ವೆ ಕಲ್ಲು ನೆಡಲಿಲ್ಲ, ಚಂದ್ರನನ್ನು ಸಾಕ್ಷಿ ಕರೆಯಿತು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸಮುದ್ರ ಮುಚ್ಚಿ ತೆರೆಯುವ ನೆಲವೆಲ್ಲ, ಮಾರ್ಚ್ ತಿಂಗಳ ದೊಡ್ಡ ಭರತ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ, ದಂಡೆ. ಅದರಲ್ಲಿ ಯಾರೂ ಕಟ್ಟಡ ಕಟ್ಟುವಂತಿಲ್ಲ, ಗೂಟ ಹೊಡೆಯುವಂತಿಲ್ಲ. ಆ ದೊರೆಯ ದರ್ಬಾರಿನಿಂದ ಹೊರಟ ಎಷ್ಟೋ ಆಜ್ಞೆಗಳು ಮಣ್ಣುಪಾಲಾದವು. ಈ ನಿಯಮ ದೊರೆತನ ಬಿದ್ದ ಮೇಲೂ ಉಳಿಯಿತು. ಭರತ ಇಳಿತ ಅಷ್ಟಾಗಿ ಇಲ್ಲದ ಮೆಡಿಟರೇನಿಯನ್ ದಂಡೆಯೂ ಸೇರಿದಂತೆ ಎಲ್ಲ ಕಡಲಿಗೂ ಒಂದೇ ಅಳತೆ ಎಂದು 1973ರಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ತೀರ್ಪು ಕೊಟ್ಟಿತು: ಅಸಾಧಾರಣ ಬಿರುಗಾಳಿಯ ದಿನಗಳನ್ನು ಬಿಟ್ಟು ನೀರು ಅತಿ ಮೇಲೆ ಏರುವ ಗೆರೆಯೇ ಗಡಿ. 1976ರ ಕಾನೂನು ಇನ್ನೊಂದು ಹೆಜ್ಜೆ ಇಟ್ಟು, ಗಡಿಗೆ ತಾಗಿದ ಖಾಸಗಿ ಜಮೀನುಗಳ ಅಂಚಿನಲ್ಲಿ 3 ಮೀಟರ್ ಅಗಲದ ಕಾಲುದಾರಿಯನ್ನು ಎಲ್ಲರಿಗೂ ಬಿಡಿಸಿಕೊಟ್ಟಿತು. ಕೋಟ್ಯಧೀಶನ ಬಂಗಲೆ ಎಷ್ಟೇ ದೊಡ್ಡದಿರಲಿ, ಅದರ ಮುಂದೆ ನಡೆದುಹೋಗುವವನನ್ನು ತಡೆಯುವ ಹಕ್ಕು ಅವನಿಗಿಲ್ಲ.

ಕಡಲ ಗಡಿ ನಿಂತಲ್ಲಿ ನಿಲ್ಲುವುದಿಲ್ಲ, ಅದೇ ತೊಡಕು. ನೀರು ಒಳಗೆ ಬಂದು ಒಬ್ಬನ ತೋಟ ತಿಂದರೆ ತಿಂದಷ್ಟು ನೆಲ ಸಾರ್ವಜನಿಕ ದೊಮೇನಿಗೆ ಸೇರುತ್ತದೆ. ಪರಿಹಾರವಿಲ್ಲದೆ ಹೀಗೆ ನೆಲ ಹೋಗುವುದು ನ್ಯಾಯವೇ ಎಂದು ಕೇಳಿದವರಿಗೆ 2013ರ ಮೇ ತಿಂಗಳಲ್ಲಿ ಸಂವಿಧಾನ ಮಂಡಳಿ ಹೇಳಿದ್ದು, ಆಸ್ತಿ ಕಸಿದದ್ದು ಸರ್ಕಾರವಲ್ಲ, ಸಮುದ್ರ. ಆದ್ದರಿಂದ ಸಂವಿಧಾನದ ಉಲ್ಲಂಘನೆಯಾಗಿಲ್ಲ ಎಂಬರ್ಥದ ಮಾತು. ಬೋರ್ಡೋ ಸೀಮೆಯ ಸುಲಾಕ್ ಎಂಬ ಕಡಲೂರಿನಲ್ಲಿ 1967ರಲ್ಲಿ ‘ಲ ಸಿನ್ಯಾಲ್’ ಎಂಬ 78 ಮನೆಗಳ ಕಟ್ಟಡ ಎದ್ದಾಗ ಸಮುದ್ರ ಸುಮಾರು 200 ಮೀಟರ್ ಆಚೆ ಇತ್ತು. 2014ರಲ್ಲಿ ಮನೆಗಳನ್ನು ಖಾಲಿ ಮಾಡಿಸಿದಾಗ ಅಲೆಗಳು ಅಡಿಪಾಯದ ಹತ್ತಿರಕ್ಕೇ ಬಂದಿದ್ದವು. 2023ರಲ್ಲಿ ಕಟ್ಟಡ ಕೆಡವಿದರು. ನಿವೃತ್ತಿಯ ದುಡ್ಡು ಸುರಿದು ಕಡಲು ಕಾಣುವ ಕಿಟಕಿ ಕೊಂಡವರಿಗೆ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಎಲ್ಲರ ದಂಡೆಯನ್ನು ಕಾಯುವ ಕಾನೂನು ನನಗೆ ಪ್ರಿಯವಾದದ್ದು. ಅವರ ನೋವನ್ನೂ ಸುಳ್ಳೆನ್ನಲಾರೆ.

1789ಕ್ಕೆ ಬರೋಣ. ನವೆಂಬರ್ 2ರಂದು ಕ್ರಾಂತಿಯ ಸಭೆ ಇಗರ್ಜಿಯ ಆಸ್ತಿಯನ್ನೆಲ್ಲ ರಾಷ್ಟ್ರದ ವಶಕ್ಕೆ ಒಪ್ಪಿಸಿತು. ಮರುವರ್ಷ ‘ಕಿರೀಟದ ದೊಮೇನ್’ ಎಂಬ ಹೆಸರು ಹೋಗಿ ‘ರಾಷ್ಟ್ರದ ದೊಮೇನ್’ ಬಂತು. ಆದರೆ ಖಜಾನೆ ಬರಿದಾಗಿತ್ತು, ವಶಕ್ಕೆ ಬಂದ ಜಮೀನನ್ನು ಹರಾಜು ಹಾಕಿದರು. ಬರ್ಗಂಡಿಯ ಕ್ಲೋ ದ ವೂಜೋ ಎಂಬ ದ್ರಾಕ್ಷಿ ತೋಟವನ್ನು ನೋಡಿದರೆ ಆಮೇಲೆ ಆದದ್ದು ತಿಳಿಯುತ್ತದೆ. ಸೀತೋ ಮಠದ ಸನ್ಯಾಸಿಗಳು 12ನೆಯ ಶತಮಾನದಿಂದ ಬೆಳೆಸಿ ಕಲ್ಲಿನ ಗೋಡೆ ಕಟ್ಟಿ ಕಾಪಾಡಿದ 50 ಹೆಕ್ಟೇರಿನ ತೋಟ ಅದು. ಕ್ರಾಂತಿಯಲ್ಲಿ ಮಾರಾಟವಾಗಿ, 1889ರಲ್ಲಿ ಹೋಳಾಗಿ, ಮಕ್ಕಳಿಗೆಲ್ಲ ಸಮಪಾಲು ಎಂಬ ಕಾನೂನಿನಿಂದ ಮತ್ತೆ ಮತ್ತೆ ಸೀಳಿ, ಇಂದು ಅದೇ ಗೋಡೆಯೊಳಗೆ ಸುಮಾರು 80 ಮಾಲೀಕರಿದ್ದಾರೆ. ಕೆಲವರ ಪಾಲಿಗೆ ಇರುವುದು ಕೆಲವೇ ಸಾಲು ಬಳ್ಳಿ. ಬೋರ್ಡೋದಲ್ಲಿ ವೈನ್ ಮನೆಗೆ ‘ಶಾತೋ’ ಎನ್ನುವುದು ರೂಢಿ, ಬರ್ಗಂಡಿಯಲ್ಲಿ ‘ದೊಮೇನ್’. ಆ ದೊಮೇನ್ ಒಂದೇ ಎಸ್ಟೇಟಾಗಿರಬೇಕಿಲ್ಲ. ಊರಿನ ಸುತ್ತ ಚೂರುಚೂರಾಗಿ ಹರಡಿದ ಬಳ್ಳಿಸಾಲುಗಳ ಒಟ್ಟು ಲೆಕ್ಕವೂ ಆಗಬಹುದು. ಬಾಟಲಿಯ ಮೇಲೆ ಈ ಪದ ಹಾಕಬೇಕಾದರೆ ದ್ರಾಕ್ಷಿ ಆ ಹಿಡುವಳಿಯದೇ ಆಗಿರಬೇಕು ಎಂಬುದು ಕಾನೂನು.

ಒಂದು ಕಡೆ ಹೀಗೆ ಎಲ್ಲ ಮಾರಾಟಕ್ಕಿರುವಾಗ, ಮಾರಬಾರದ್ದು ಯಾವುದು ಎಂಬ ಪ್ರಶ್ನೆ ಉಳಿಯಿತು. ಉತ್ತರ ಹುಡುಕಿದವರು ದಿಜೋಂ ನಗರದ ಕಾನೂನು ವಿಭಾಗದ ಡೀನ್ ಜಾಂ-ಬಾಪ್ತಿಸ್ತ್-ವಿಕ್ತೋರ್ ಪ್ರೂಧೋಂ. 1833ರಿಂದ ಹೊರಬಂದ ಅವರ ಗ್ರಂಥ ಸಾರ್ವಜನಿಕ ದೊಮೇನಿನ ಮೇಲೆಯೇ ಇತ್ತು. ಸರ್ಕಾರದ ಕೈಯಲ್ಲಿರುವ ಆಸ್ತಿಯಲ್ಲಿ ಎರಡು ಬಗೆ ಎಂದರು ಅವರು. ಒಂದು, ಸರ್ಕಾರ ಯಾವುದೇ ಜಮೀನ್ದಾರನ ಹಾಗೆ ಇಟ್ಟುಕೊಂಡು ಆದಾಯ ಪಡೆದು ಬೇಕೆಂದರೆ ಮಾರಬಹುದಾದದ್ದು. ಇನ್ನೊಂದು, ರಸ್ತೆ, ನದಿ, ಬಂದರು, ದಂಡೆಯಂತೆ ಎಲ್ಲರ ಬಳಕೆಗೆ ಮೀಸಲಾದದ್ದು. ಎರಡನೆಯದಕ್ಕೆ ಸರ್ಕಾರ ಮಾಲೀಕನೇ ಅಲ್ಲ, ಪಾರುಪತ್ಯಗಾರ. ನಮ್ಮ ಊರುಗಳ ಗೋಮಾಳ, ಕೆರೆಯಂಗಳಗಳ ಜಗಳ ನೋಡಿದವರಿಗೆ ಈ ಒಂದು ಗೆರೆಯ ಬೆಲೆ ಗೊತ್ತು.

ಈ ಪ್ರೂಧೋಂ ಅವರ ದೂರದ ದಾಯಾದಿ ಪಿಯೇರ್-ಜೋಸೆಫ್ ಪ್ರೂಧೋಂ. 1840ರಲ್ಲಿ ಆಸ್ತಿ ಎಂದರೇನು ಎಂದು ಕೇಳಿ, ಮಾಲೀಕರೆಲ್ಲ ಬೆಚ್ಚುವಂಥ ಉತ್ತರ ಕೊಟ್ಟ ಅರಾಜಕತಾವಾದಿ. ಒಂದೇ ಮನೆತನದ ಒಬ್ಬ ಡೀನ್, ಒಬ್ಬ ಅಚ್ಚುಮೊಳೆ ಜೋಡಿಸುತ್ತಿದ್ದ ಕಾರ್ಮಿಕ. ಇಬ್ಬರನ್ನೂ ಕಾಡಿದ್ದು ಒಂದೇ ಪದ. ಕಿರಿಯ ಪ್ರೂಧೋಂ 1862ರಲ್ಲಿ ‘ಲೇ ಮಜೋರಾ ಲಿತೆರೇರ್’ ಎಂಬ ಪುಸ್ತಕ ಬರೆದು, ಲೇಖಕನ ಹಕ್ಕನ್ನು ಶಾಶ್ವತ ಆಸ್ತಿ ಮಾಡಬೇಕೆಂಬ ಆಗಿನ ಪ್ರಸ್ತಾಪವನ್ನು ಕಟುವಾಗಿ ಎದುರಿಸಿದ. ಹಿರಿಯರು ನದಿ ದಂಡೆಗಳಿಗೆ ಹಾಕಿದ ರಕ್ಷಣೆಯನ್ನು ಕಿರಿಯವನು ಪುಸ್ತಕಗಳಿಗೂ ಬೇಕೆಂದು ಕೇಳಿದ ಎಂದು ನಾನು ಓದಿಕೊಳ್ಳುತ್ತೇನೆ.

ಅಷ್ಟರಲ್ಲಾಗಲೇ ಪದ ಮಣ್ಣನ್ನು ಬಿಟ್ಟು ಹಾಳೆಗೆ ಹತ್ತಿತ್ತು. 1791ರ ಕಾನೂನು ನಾಟಕಕಾರ ತೀರಿಕೊಂಡ ಮೇಲೆ 5 ವರ್ಷ, 1793ರದ್ದು ಲೇಖಕ ತೀರಿಕೊಂಡ ಮೇಲೆ 10 ವರ್ಷ ಹಕ್ಕು ಕೊಟ್ಟು, ಆಮೇಲೆ ಕೃತಿಯನ್ನು ಎಲ್ಲರಿಗೂ ಬಿಟ್ಟಿತು. ಆ ‘ಎಲ್ಲರದು’ ಎಂಬ ಬಯಲಿಗೆ ನೆಲದ ಕಾನೂನಿನಿಂದಲೇ ಹೆಸರು ಬಂತು: ಸಾರ್ವಜನಿಕ ದೊಮೇನ್. 1839ರಲ್ಲಿ ಸರ್ಕಾರ ಫೋಟೊ ತೆಗೆಯುವ ದಾಗೇರನ ವಿಧಾನವನ್ನು ಕೊಂಡು, ಅವನಿಗೆ ವರ್ಷಕ್ಕೆ 6,000 ಫ್ರಾಂಕ್, ಅವನ ಪಾಲುದಾರ ನಿಯೆಪ್ಸನ ಮಗನಿಗೆ 4,000 ಫ್ರಾಂಕ್ ಜೀವನಾಂಶ ಗೊತ್ತುಮಾಡಿ, ಆಗಸ್ಟ್ 19ರಂದು ಗುಟ್ಟನ್ನು ಜಗತ್ತಿಗೆ ಬಿಚ್ಚಿಟ್ಟಿತು. 1878ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಸಾಹಿತಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಿಕ್ಟರ್ ಹ್ಯೂಗೋ, ಪುಸ್ತಕವಾಗಿ ಅದು ಲೇಖಕನದು, ವಿಚಾರವಾಗಿ ಮನುಕುಲದ್ದು ಎಂಬ ವಾದ ಮಂಡಿಸಿ, ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ಲೇಖಕನ ಹಕ್ಕನ್ನೇ ಬಿಡಬೇಕೆಂಬ ನಿಲುವಿಗೆ ಬಂದ. ತನ್ನ ಬರಹದಿಂದಲೇ ಸಿರಿವಂತನಾದವನ ಬಾಯಲ್ಲಿ ಬಂದ ಮಾತು ಎಂಬ ಕಾರಣಕ್ಕೆ ಅದರ ತೂಕ ಹೆಚ್ಚು.

ಇಂದು ಅಲ್ಲಿ ಹಕ್ಕು ಲೇಖಕನ ಸಾವಿನ ನಂತರ 70 ವರ್ಷ. ಆದರೆ ಎರಡು ಮಹಾಯುದ್ಧಗಳಲ್ಲಿ ಪುಸ್ತಕ ಮಾರಾಟ ನಿಂತ ನಷ್ಟ ತುಂಬಿಕೊಡಲು ಹಳೆಯ ಲೇಖಕರಿಗೆ ಕಾಲ ಸೇರಿಸಿದರು. ‘ಫ್ರಾನ್ಸಿಗಾಗಿ ಮಡಿದವರು’ ಎಂದು ಘೋಷಿತರಾದವರಿಗೆ ಇನ್ನೂ 30 ವರ್ಷ. ಹೀಗಾಗಿ 1918ರ ನವೆಂಬರ್ 9ರಂದು ತೀರಿಕೊಂಡ ಕವಿ ಅಪೋಲಿನೇರ್ ಅವರ ಕವಿತೆಗಳು ಫ್ರಾನ್ಸಿನಲ್ಲಿ ಎಲ್ಲರವಾದದ್ದು 2013ರ ಸೆಪ್ಟೆಂಬರಿನಲ್ಲಿ, 94 ವರ್ಷ 272 ದಿನ ಲೆಕ್ಕ ಹಾಕಿದ ಮೇಲೆ. ‘ಪುಟ್ಟ ರಾಜಕುಮಾರ’ನ ಕತೆ ಬರೆದ ಸೇಂತ್-ಎಕ್ಸುಪೆರಿ 1944ರ ಜುಲೈ 31ರಂದು ವಿಮಾನದೊಡನೆ ಕಣ್ಮರೆಯಾದವರು. ಅವರ ತಾಯ್ನಾಡಿನಲ್ಲಿ ಆ ಪುಸ್ತಕಕ್ಕೆ 2030ರ ದಶಕದವರೆಗೂ ಕಾವಲಿದೆ. ಸಾವಿನ ನಂತರ 60 ವರ್ಷ ಎಂಬ ನಮ್ಮ ದೇಶದ ಲೆಕ್ಕದಲ್ಲಿ ಅದು 2005ಕ್ಕೇ ಎಲ್ಲರದಾಗಿದೆ. ಕನ್ನಡದ ಅನುವಾದಕ ಯಾರ ಅಪ್ಪಣೆಯನ್ನೂ ಕೇಳದೆ ಆ ಹುಡುಗನನ್ನು ಇಲ್ಲಿಗೆ ಕರೆತರಬಹುದು. ಅಂದಹಾಗೆ ಭಾರತದಲ್ಲಿ 50 ವರ್ಷವಿದ್ದದ್ದು 60 ಆದದ್ದು, 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು ಮುಗಿಯುತ್ತಿದ್ದಾಗ.

ಫ್ರೆಂಚಿನಲ್ಲಿ ಕೃತಿ ಸಾರ್ವಜನಿಕ ದೊಮೇನಿಗೆ ‘ಬೀಳುತ್ತದೆ’ ಎನ್ನುವುದು ವಾಡಿಕೆ. ಬೀಳುವುದೇಕೆ, ಏರುತ್ತದೆ ಎನ್ನಬಾರದೇ ಎಂದು ಅಲ್ಲಿಯ ಗ್ರಂಥಪಾಲಕರು ತಕರಾರು ಎತ್ತುತ್ತಾರೆ. ನಾನು ಅವರ ಪಕ್ಷ.

ಮಣ್ಣಿನ ದೊಮೇನ್, ಹಾಳೆಯ ದೊಮೇನ್, ಅರಮನೆಯ ದೊಮೇನ್ ಮೂರೂ ಒಂದೇ ಮೊಕದ್ದಮೆಯಲ್ಲಿ ಎದುರಾದದ್ದುಂಟು. ಒಂದನೆಯ ಫ್ರಾನ್ಸಿಸ್ 1519ರಲ್ಲಿ ಕಟ್ಟಲು ತೊಡಗಿದ ಶಾಂಬೋರ್ ಅರಮನೆಯ ಸುತ್ತ 32 ಕಿಲೋಮೀಟರ್ ಗೋಡೆಯ ಒಳಗೆ 5,440 ಹೆಕ್ಟೇರ್ ಕಾಡಿದೆ. ಅದರ ಅಧಿಕೃತ ಹೆಸರೇ ‘ಶಾಂಬೋರ್ ರಾಷ್ಟ್ರೀಯ ದೊಮೇನ್’. 2010ರಲ್ಲಿ ಕ್ರೋನೆನ್‌ಬೂರ್ಗ್ ಬಿಯರ್ ಕಂಪನಿ ತನ್ನ ಜಾಹೀರಾತಿನಲ್ಲಿ ಆ ಅರಮನೆಯ ಫೋಟೊ ಹಾಕಿತು. ಸಾರ್ವಜನಿಕ ಆಸ್ತಿಯನ್ನು ವ್ಯಾಪಾರಕ್ಕೆ ಬಳಸಿದಿರಿ, ಸುಮಾರು ಎರಡೂವರೆ ಲಕ್ಷ ಯೂರೊ ಕೊಡಿ ಎಂದು ಆಡಳಿತ ಬಿಲ್ಲು ಕಳುಹಿಸಿತು. ಕಂಪನಿಯ ವಾದ: ಶತಮಾನಗಳ ಹಿಂದಿನ ವಾಸ್ತುಶಿಲ್ಪದ ಹಕ್ಕುಸ್ವಾಮ್ಯ ಎಲ್ಲಿದೆ, ಅದು ಎಲ್ಲರದು. ಎರಡೂ ಕಡೆಯವರು ಸಾರ್ವಜನಿಕ ದೊಮೇನ್ ಎಂದೇ ಹೇಳುತ್ತಿದ್ದರು, ಒಬ್ಬರ ಅರ್ಥ ‘ಮುಟ್ಟಬೇಡ’, ಇನ್ನೊಬ್ಬರದು ‘ಯಾರಾದರೂ ಮುಟ್ಟಬಹುದು’! ಎಂಟು ವರ್ಷ ಎಳೆದ ವ್ಯಾಜ್ಯದಲ್ಲಿ 2018ರ ಏಪ್ರಿಲ್ 13ರಂದು ಬಂದ ತೀರ್ಪು: ಅರಮನೆ ಸಾರ್ವಜನಿಕ ಆಸ್ತಿ, ಅದರ ಚಿತ್ರ ಹಾಗಲ್ಲ. ಆದರೆ ಅಷ್ಟರಲ್ಲಿ ಸಂಸತ್ತು 2016ರಲ್ಲಿ ಹೊಸ ಕಾನೂನು ತಂದು, ಶಾಂಬೋರಿನಂಥ ಆಯ್ದ ತಾಣಗಳ ಚಿತ್ರವನ್ನು ವ್ಯಾಪಾರಕ್ಕೆ ಬಳಸಲು ಅನುಮತಿ ಬೇಕೆಂದಿತ್ತು. ಅರಮನೆಯ ದುರಸ್ತಿಗೆ ಹಣ ಬೇಕು, ಒಪ್ಪುತ್ತೇನೆ. ಆದರೂ ಐದು ಶತಮಾನದ ಬಳಿಕವೂ ಒಂದು ನೋಟಕ್ಕೆ ಬೇಲಿ ಹಾಕುವುದು ನನಗೆ ಸರಿಕಾಣದು.

ಬೀದಿಯ ಮಾತಿನಲ್ಲಿ ‘ಲೇ ದೊಮೇನ್’ ಎಂದು ಬಹುವಚನದಲ್ಲಿ ಹೇಳಿದರೆ ಅದೊಂದು ಸರ್ಕಾರಿ ಕಚೇರಿ. ಹಳೆಯ ಪೊಲೀಸ್ ಕಾರು, ಜಪ್ತಿ ಮಾಲು, ವಾರಸುದಾರರಿಲ್ಲದೆ ತೀರಿಕೊಂಡವರ ಮನೆಯ ಸಾಮಾನು ಅಲ್ಲಿ ಹರಾಜಾಗುತ್ತವೆ. 1887ರ ಮೇ ತಿಂಗಳಲ್ಲಿ ಇದೇ ಇಲಾಖೆ ರಾಜವಂಶದ ಒಡವೆಗಳನ್ನು ಮಾರಿತು. ದೊರೆಗಳು ಮತ್ತೆ ಬರದಿರಲಿ ಎಂದು ಗಣರಾಜ್ಯವಾದಿಗಳು ಅದಕ್ಕೆಂದೇ ಕಾನೂನು ಮಾಡಿಸಿಕೊಂಡಿದ್ದರು. ಆಗ ಕೈಬಿಟ್ಟ ಸಾಮ್ರಾಜ್ಞಿ ಯೂಜೆನಿಯ (ಮೂರನೆಯ ನೆಪೋಲಿಯನ್ನನ ಪತ್ನಿ) ವಜ್ರದ ಬೋ ಪದಕವನ್ನು 2008ರಲ್ಲಿ ಲೂವ್ರ್ ಸಂಗ್ರಹಾಲಯ ದುಬಾರಿ ಬೆಲೆಗೆ ಮರಳಿ ಕೊಂಡಿತು. 2025ರ ಅಕ್ಟೋಬರ್ 19ರ ಹಗಲುಗಳ್ಳತನದಲ್ಲಿ ಹೋದ ಒಡವೆಗಳಲ್ಲಿ ಅದೂ ಒಂದು.

ಕಂಪ್ಯೂಟರಿನ ಡೊಮೇನ್ ಹೆಸರು ಇದೇ ಪದದ ಇಂಗ್ಲಿಷ್ ಮೊಮ್ಮಗ. ಅಲ್ಲಿಯೂ ಅದೇ ಜಗಳ. 1994ರಲ್ಲಿ ಅಮೆರಿಕದಲ್ಲಿದ್ದ ಒಬ್ಬ ವ್ಯಕ್ತಿ ‘ಫ್ರಾನ್ಸ್ ಡಾಟ್ ಕಾಮ್’ ಎಂಬ ಹೆಸರನ್ನು ನೋಂದಾಯಿಸಿ ಎರಡು ದಶಕ ಪ್ರವಾಸೋದ್ಯಮದ ವ್ಯವಹಾರ ನಡೆಸಿದ್ದ. ಫ್ರೆಂಚ್ ಸರ್ಕಾರ ಕೋರ್ಟಿಗೆ ಹೋಗಿ, ‘ಫ್ರಾನ್ಸ್’ ಎಂಬ ಹೆಸರು ದೇಶದ್ದು ಎಂದು ವಾದಿಸಿ ಗೆದ್ದು, 2018ರಲ್ಲಿ ಆ ವಿಳಾಸವನ್ನು ತನ್ನ ಕೈಗೆ ತೆಗೆದುಕೊಂಡಿತು.

ಈವರೆಗೆ ಹೇಳಿದ್ದರಲ್ಲಿ ಪದಕ್ಕೆ ಒಂದು ಬೆಳಕಿನ ಮುಖವಿತ್ತು. ಆಫ್ರಿಕಾಕ್ಕೆ ಹಡಗು ಹತ್ತಿದಾಗ ಅದು ಬೇರೆ ಮುಖ ತೋರಿಸಿತು. ಊರಿನಲ್ಲಿ ದಂಡೆಯನ್ನು ಎಲ್ಲರಿಗಾಗಿ ಕಾಯುವ ಕಾನೂನೇ ಅಲ್ಲಿ ‘ಖಾಲಿ ಬಿದ್ದ, ಒಡೆಯನಿಲ್ಲದ ನೆಲ’ ಎಂಬ ಇನ್ನೊಂದು ನುಡಿಗಟ್ಟಿನೊಡನೆ ಜೊತೆಯಾಯಿತು. ಪಶ್ಚಿಮ ಆಫ್ರಿಕಾದ ವಸಾಹತುಗಳಿಗೆ 1904ರ ಅಕ್ಟೋಬರ್ 23ರಂದು ಹೊರಟ ಆದೇಶದ ಪ್ರಕಾರ ಅಂಥ ನೆಲವೆಲ್ಲ ಸರ್ಕಾರದ್ದು. ಯಾವ ನೆಲ ಖಾಲಿ? ಉಳುಮೆಯ ನಡುವೆ ವರ್ಷಗಟ್ಟಲೆ ಬೀಳು ಬಿಟ್ಟದ್ದು, ದನ ಮೇಯುವುದು, ಪೂರ್ವಜರ ಸಮಾಧಿಯ ಕಾಡು, ಊರೆಲ್ಲ ಸೇರಿ ಕಟ್ಟಿಗೆ ತರುವ ಗುಡ್ಡ. ಪತ್ರವಿಲ್ಲದ್ದರಿಂದ ಒಡೆಯನಿಲ್ಲ ಎಂಬ ತರ್ಕ. ಇದಕ್ಕೂ ಮೊದಲು, 1899ರಲ್ಲಿ, ಫ್ರೆಂಚ್ ಕಾಂಗೋದ ಮುಕ್ಕಾಲು ಪಾಲಿನಷ್ಟು ನೆಲವನ್ನು 40 ಕಂಪನಿಗಳಿಗೆ 30 ವರ್ಷದ ಅವಧಿಗೆ ಹಂಚಿದ್ದರು. ಆ ಕಾಡಿನ ರಬ್ಬರು, ದಂತ ಎಲ್ಲವೂ ಕಂಪನಿಯದೇ ಎಂದಾದ ಮೇಲೆ, ಅಲ್ಲಿಯವನು ತನ್ನ ಕಾಡಿನಲ್ಲಿ ತಾನು ಇಳಿಸಿದ ರಬ್ಬರನ್ನು ಮಾರಿದನೆಂದಾಗದು. ಕಂಪನಿಯ ಮಾಲನ್ನು ಕಂಪನಿಗೆ ಒಪ್ಪಿಸಿದ ಕೂಲಿ ಮಾತ್ರ ಅವನಿಗೆ. ಲೇಖಕ ಆಂದ್ರೆ ಜೀದ್ 1920ರ ದಶಕದಲ್ಲಿ ಅಲ್ಲಿ ಸುತ್ತಾಡಿ, ಕಂಡ ಹಿಂಸೆಯನ್ನು 1927ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಬರೆದಾಗ ಫ್ರಾನ್ಸಿನ ಸಂಸತ್ತಿನಲ್ಲೂ ಗದ್ದಲವೆದ್ದಿತು. ದಾಂಜೆ ಎಂಬ ಆ ಹಳೆಯ ಪದ ಮತ್ತೆ ನಿಜವಾದ ಜಾಗ ಅದು.

ಸ್ವತಂತ್ರವಾದ ದೇಶಗಳು ಪದವನ್ನು ಎಸೆಯಲಿಲ್ಲ. ಸೆನೆಗಲ್ 1964ರ ಜೂನ್ 17ರಂದು ‘ರಾಷ್ಟ್ರೀಯ ದೊಮೇನ್’ ಕಾನೂನು ಮಾಡಿ, ದೇಶದ ಸುಮಾರು ಶೇ 95ರಷ್ಟು ನೆಲವನ್ನು ಅದರಡಿ ತಂದಿತು. ಅಧ್ಯಕ್ಷ ಸೆಂಗೋರ್ ಸ್ವತಃ ಕವಿ, ಫ್ರೆಂಚ್ ವ್ಯಾಕರಣದ ಮೇಷ್ಟ್ರಾಗಿದ್ದವರು. ಅವರ ಕಾನೂನಿನಲ್ಲಿ ಆ ನೆಲ ಸರ್ಕಾರದ ಸ್ವತ್ತೂ ಅಲ್ಲ, ಉಳುವವನ ಮಾರಾಟದ ಸ್ವತ್ತೂ ಅಲ್ಲ. ಸರ್ಕಾರ ಹಿಡಿದಿಟ್ಟುಕೊಂಡು, ಉಳುವವನಿಗೆ ಉಳುವಷ್ಟು ಕಾಲ ಬಿಡಬೇಕಾದದ್ದು. ಆಫ್ರಿಕಾದ ಹಳ್ಳಿಯ ಹಳೆಯ ಕಟ್ಟಳೆಯನ್ನು ಫ್ರೆಂಚ್ ಪದದೊಳಗೆ ಕೂರಿಸುವ ಪ್ರಯತ್ನ ಅದು. ಸರ್ಕಾರವೇ ದೊಡ್ಡ ಕಂಪನಿಗಳಿಗೆ ನೆಲ ಕೊಡಲು ಹೊರಟಾಗಲೆಲ್ಲ ಅಲ್ಲಿಯ ರೈತರು ಇಂದಿಗೂ ಅದೇ ಕಾನೂನನ್ನು ಮುಂದೆ ಹಿಡಿದು ವಾದಿಸುತ್ತಾರೆ.

ಆಫ್ರಿಕಾದಲ್ಲಿ ಈ ಪದದ ಹಿಡಿತಕ್ಕೆ ಸಿಕ್ಕಿದ್ದು ನೆಲ ಮಾತ್ರವಲ್ಲ. 1892ರಲ್ಲಿ ಫ್ರೆಂಚ್ ಜನರಲ್ ದೋಡ್ಸ್‌ನ ಪಡೆ ದಾಹೋಮೆ ರಾಜ್ಯದ ರಾಜಧಾನಿ ಅಬೋಮೆಯನ್ನು ಹಿಡಿಯಿತು. ಅರಮನೆಯಿಂದ ಸಿಂಹಾಸನಗಳು, ಕೆತ್ತಿದ ಬಾಗಿಲುಗಳು, ದೊರೆಗಳ ಮರದ ಪ್ರತಿಮೆಗಳು ಪ್ಯಾರಿಸ್ಸಿಗೆ ಬಂದವು. ಗೆಜೋ ಅರೆ ಹಕ್ಕಿ, ಗ್ಲೆಲೆ ಅರೆ ಸಿಂಹ, ಬೆಹಾಂಜಿನ್ ಅರೆ ಶಾರ್ಕ್. ಸಂಗ್ರಹಾಲಯಕ್ಕೆ ಸೇರಿದ ಕ್ಷಣದಲ್ಲಿ ಅವು ಫ್ರಾನ್ಸಿನ ಸಾರ್ವಜನಿಕ ದೊಮೇನ್ ಆದವು. ಅಲ್ಲಿಗೆ ಬಂದವು 1566ರ ಆ ನಿಯಮದ ಮೊಮ್ಮಕ್ಕಳು: ಪರಭಾರೆಯಿಲ್ಲ, ಕಾಲ ಕಳೆದು ಹಕ್ಕು ಹೋಗುವುದೂ ಇಲ್ಲ. ದಾಹೋಮೆಯ ನೆಲವಿರುವ ಇಂದಿನ ಬೆನಿನ್ ದೇಶ 2016ರಲ್ಲಿ ಅವನ್ನು ಮರಳಿ ಕೇಳಿದಾಗ ಫ್ರೆಂಚ್ ಸರ್ಕಾರ ಇದನ್ನೇ ತೋರಿಸಿ ಸಾಧ್ಯವಿಲ್ಲ ಎಂದಿತು. ದುಂದುಗಾರ ದೊರೆಯ ಕೈ ಕಟ್ಟಲು ಹುಟ್ಟಿದ ಕಾನೂನು ಕೊಳ್ಳೆ ಹೊಡೆದದ್ದನ್ನು ಮರಳಿಸದಂತೆ ಗಣರಾಜ್ಯದ ಕೈ ಕಟ್ಟಿತ್ತು. ದಕ್ಷಿಣ ಆಫ್ರಿಕಾದ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳನ್ನು ಯುರೋಪಿನಲ್ಲಿ ಪ್ರದರ್ಶನಕ್ಕಿಟ್ಟು, ಸತ್ತ ಮೇಲೆ ಎಲುಬುಗಳನ್ನೂ ಸಂಗ್ರಹಾಲಯದಲ್ಲಿರಿಸಿದ್ದರು. ಆಕೆಯನ್ನು ತಾಯ್ನೆಲದಲ್ಲಿ ಮಣ್ಣು ಮಾಡಲು 2002ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಒಬ್ಬ ಹೆಣ್ಣಿನ ದೇಹದ ಮೇಲೂ ಈ ಪದ ಕೈ ಚಾಚಿತ್ತು ಎಂಬುದನ್ನು ಬರೆಯುವಾಗ ಪೆನ್ನು ನಿಲ್ಲುತ್ತದೆ.

ಅಬೋಮೆಯ 26 ವಸ್ತುಗಳಿಗೂ ಅದೇ ದಾರಿ. 2020ರ ಡಿಸೆಂಬರ್ 24ರ ಕಾನೂನು ಅವನ್ನೂ, ಸೆನೆಗಲ್ಲಿಗೆ ಸೇರಬೇಕಾದ ಒಂದು ಖಡ್ಗವನ್ನೂ ದೊಮೇನಿನ ಗೋಡೆಯಿಂದ ಹೊರತಂದಿತು. 2021ರ ನವೆಂಬರಿನಲ್ಲಿ ಮೂವರು ದೊರೆಗಳು ವಿಮಾನದಲ್ಲಿ ಬೆನಿನ್ನಿನ ಕೊಟೊನೂ ತಲುಪಿದಾಗ ರಸ್ತೆಯ ಇಕ್ಕೆಲಗಳಲ್ಲಿ ಜನ ಸೇರಿದ್ದರು. ಅದೇ ನಾಡಿನಲ್ಲಿ ಕಬ್ಬಿಣದಿಂದ ಮಾಡಿದ, ಲೋಹ ಮತ್ತು ಯುದ್ಧದ ದೇವರು ‘ಗೂ’ನ ಆಳೆತ್ತರದ ಪ್ರತಿಮೆ ಆ 26ರ ಪಟ್ಟಿಯಲ್ಲಿರಲಿಲ್ಲ. ಅದು ಪ್ಯಾರಿಸ್ಸಿನಲ್ಲೇ ಇದೆ, ಸಾರ್ವಜನಿಕ ದೊಮೇನಿನಲ್ಲಿ.